ಲೆಕ್ಕಕ್ಕೆ ಬಂದವಳು

ನಾನು ಹುಟ್ಟಿದ್ದು ಸಿಲೋನಿನ ಹ್ಯಾಟನ್ ಹತ್ತಿರದ ಒಂದು ಚಹಾ ಫ್ಯಾಕ್ಟರಿಯಲ್ಲಿ. ತೆಳು ಹಲಗೆಗಳನ್ನು ಜೋಡಿಸಿ, ಮೂಲೆಗಳಿಗೆ ತಗಡಿನ ಪಟ್ಟಿ ಹೊಡೆದು, ಒಳಗೆ ಬೆಳ್ಳಿಯಂಥ ಕಾಗದ ಅಂಟಿಸಿ ನನ್ನನ್ನು ಚಹಾ ಪೆಟ್ಟಿಗೆ ಮಾಡಿದರು. ಕೊನೆಯ ಮೊಳೆ ಹೊಡೆಯುವಾಗ ಒಂದು ಹಲಗೆ ಸೀಳಿತು. "ಇದು ಆಗೋದಿಲ್ಲ" ಎಂದು ಮೇಸ್ತ್ರಿ ನನ್ನನ್ನು ಮೂಲೆಗೆ ತಳ್ಳಿದ. ನನ್ನೊಳಗೆ ಒಂದು ಹಿಡಿ ಚಹಾ ಕೂಡ ಬೀಳಲಿಲ್ಲ.

ಅಲ್ಲಿ ಕೆಲಸಕ್ಕಿದ್ದ ಮುನಿಯಾಂಡಿ ನನ್ನನ್ನು ಕೇಳಿ ಪಡೆದು, ತಲೆಯ ಮೇಲೆ ಹೊತ್ತು ಮನೆಗೆ ತಂದ. ಮನೆಯೆಂದರೆ ಕೂಲಿಗಳ ಲೈನಿನಲ್ಲಿ, ಒಂದಕ್ಕೊಂದು ಅಂಟಿದ ಮನೆಗಳ ಸಾಲಿನಲ್ಲಿ, ಒಂದು ಕೋಣೆ. ಅಲ್ಲಿ ಅವನ ಹೆಂಡತಿ ರಾಕ್ಕಾಯಿ. ಹಲಗೆ ಗೋಡೆಯ ಆಚೆಗೆ ಅವಳ ಅಕ್ಕ ಪಳನಿಯಾಯಿ. ಗಂಡ ಸತ್ತವಳು, ಒಬ್ಬಳೇ. ಬೆಳಕು ಹರಿಯುವಾಗ ಅಕ್ಕ ಆ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಳು. ಎರಡು ಸಲ ಬೇಗ, ಸ್ವಲ್ಪ ತಡೆದು ಇನ್ನೊಂದು ಸಲ. ಎದ್ದೆಯಾ ಎಂದು ಅದರ ಅರ್ಥ. ತಂಗಿಯೂ ಹಾಗೆಯೇ ತಟ್ಟಿ ಎದ್ದೆ ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ಬೆನ್ನಿಗೆ ಬುಟ್ಟಿ ಹಾಕಿಕೊಂಡು ಎಲೆ ಕೀಳಲು ಹೋಗುತ್ತಿದ್ದರು.

ಆ ಕಾಲದಲ್ಲಿ ಸಿಲೋನ್, ಇಂಡಿಯಾ ಎರಡೂ ಸರ್ಕಾರಗಳು ಕೂತು ತೋಟದ ಜನರನ್ನು ಹಂಚಿಕೊಂಡವು. ಇವರ ಅಜ್ಜಂದಿರು ಇಂಡಿಯಾದಿಂದ ಬಂದವರು, ಹಾಗಾಗಿ ಇಷ್ಟು ಜನ ಅಲ್ಲಿಗೆ, ಇಷ್ಟು ಜನ ಇಲ್ಲಿಗೆ ಎಂದು. ಮುನಿಯಾಂಡಿ, ರಾಕ್ಕಾಯಿ ಇಂಡಿಯಾದ ಪಾಲಿಗೆ ಬಂದರು. ಪಳನಿಯಾಯಿ ಯಾರ ಪಾಲಿಗೂ ಬರಲಿಲ್ಲ. ಹುಟ್ಟಿದ್ದಕ್ಕೆ ಪುರಾವೆ ಇಲ್ಲ ಎಂದು ಒಂದು ಕಡೆಯವರು, ಅರ್ಜಿ ಸತ್ತ ಗಂಡನ ಹೆಸರಿನಲ್ಲಿದೆ ಎಂದು ಇನ್ನೊಂದು ಕಡೆಯವರು ಅವಳನ್ನು ಬಿಟ್ಟುಬಿಟ್ಟರು.

ಹೊರಡುವ ದಿನ ರೈಲಿನ ಬಾಗಿಲ ಬಳಿ ನನ್ನನ್ನು ಇಟ್ಟಿದ್ದರು. ಪಳನಿಯಾಯಿ ಅಳಲಿಲ್ಲ. ಬಗ್ಗಿ, ನನ್ನ ಸೀಳಿದ ಹಲಗೆಯ ಮೇಲೆ ತಟ್ಟಿದಳು. ರಾಕ್ಕಾಯಿ ತಿರುಗಿ ತಟ್ಟುವಷ್ಟರಲ್ಲಿ ರೈಲು ಹೊರಟಿತ್ತು.

ಹಡಗು, ಹಡಗಿಳಿದವರನ್ನು ಇರಿಸುತ್ತಿದ್ದ ಮಂಡಪಂ ಶಿಬಿರ, ಲಾರಿ, ಕೊನೆಗೆ ಸುಳ್ಯದ ಕಡೆಯ ಒಂದು ಸರ್ಕಾರಿ ರಬ್ಬರ್ ತೋಟ. ಚಹಾ ಎಲೆ ಕಿತ್ತ ಕೈಗಳು ರಬ್ಬರ್ ಮರ ಕೆತ್ತಿ ಹಾಲು ಇಳಿಸುವುದನ್ನು ಕಲಿತವು. ಇಲ್ಲಿಯೂ ಲೈನು, ಇಲ್ಲಿಯೂ ಒಂದು ಕೋಣೆ. ನನ್ನೊಳಗೆ ಅಕ್ಕಿ ತುಂಬಿಡುತ್ತಿದ್ದರು.

ಕೆಲವು ವರ್ಷ ಕಳೆದವು. ಒಂದು ಬೆಳಗಿನ ಜಾವ ನನ್ನೊಳಗಿನಿಂದ ಸದ್ದು ಬಂತು. ನನ್ನ ಮೈಯ ಸದ್ದುಗಳು ನನಗೆ ಗೊತ್ತು. ಬಿಸಿಲಿಗೆ ಹಲಗೆ ಬಿರಿಯುವುದು ಗೊತ್ತು, ಹುಳು ಕೊರೆಯುವುದು ಗೊತ್ತು. ಇದು ಅದಲ್ಲ. ಇದು ಬೆರಳ ಗೆಣ್ಣು. ಎರಡು ಸಲ ಬೇಗ, ಸ್ವಲ್ಪ ತಡೆದು ಇನ್ನೊಂದು ಸಲ.

ಒಲೆಯ ಮುಂದಿದ್ದ ರಾಕ್ಕಾಯಿ ಕಲ್ಲಿನಂತೆ ಕೂತಳು. ಆಮೇಲೆ ಮೆಲ್ಲಗೆ ಬಂದು ನನ್ನ ಮೇಲೆ ತಟ್ಟಿ, "ಎದ್ದೆ ಅಕ್ಕಾ" ಎಂದಳು. ಮುನಿಯಾಂಡಿ ಇಲಿ ಇರಬೇಕೆಂದು ಮುಚ್ಚಳ ತೆಗೆದ. ಇಲಿ ಇರಲಿಲ್ಲ. ಅಕ್ಕಿಯ ನಡುವೆ, ಯಾರೋ ಮೊಣಕಾಲು ಮಡಚಿ ಕೂತು ಎದ್ದ ಹಾಗೆ ಒಂದು ತಗ್ಗು ಇದೆ ಎಂದು ಹೆಂಡತಿಗೆ ಹೇಳಿದ. ಅಂದಿನಿಂದ ನನ್ನೊಳಗೆ ಯಾರೂ ಏನನ್ನೂ ಇಡಲಿಲ್ಲ. ಸದ್ದು ಮಾತ್ರ ದಿನಾ ಬಂತು.

ಮುನಿಯಾಂಡಿ ತೀರಿಕೊಂಡ. ಇಲ್ಲಿಗೆ ಬಂದ ಮೇಲೆ ಹುಟ್ಟಿದ ಒಬ್ಬಳೇ ಮಗಳೂ ತೀರಿಕೊಂಡಳು. ರಾಕ್ಕಾಯಿಯ ಕೆಲಸದ ವಯಸ್ಸು ಮುಗಿದು, ಮೊಮ್ಮಗಳು ಕಲೈಸೆಲ್ವಿ ಮರ ಕೆತ್ತಲು ಹೋಗತೊಡಗಿದಳು. ಆಗ ಮಂಗಳೂರಿನ ಕಾಲೇಜಿನಿಂದ ಜೂಲಿಯಾನಾ ಎಂಬ ಹುಡುಗಿ ಬಂದಳು. ಸಿಲೋನಿನಿಂದ ಬಂದವರು ಹೇಗಿದ್ದಾರೆ, ಸರ್ಕಾರದ ನಿಯಮಗಳಿಂದ ಅವರಿಗೆ ಏನಾಗಿದೆ ಎಂದು ಅವಳು ಅಧ್ಯಯನ ಮಾಡುತ್ತಿದ್ದಳು. ಅವಳು ಬರೆದುಕೊಂಡ ಮನೆಮನೆಯ ಲೆಕ್ಕವನ್ನು ಸರ್ಕಾರವೂ ತೆಗೆದುಕೊಳ್ಳುವುದಿತ್ತು. ಕುರ್ಚಿ ಇಲ್ಲದ ಮನೆ. ಬಂದವಳು ನನ್ನ ಮೇಲೆ ಕೂತಳು.

"ಅಜ್ಜಿ, ಮನೆಯಲ್ಲಿ ಎಷ್ಟು ಜನ ಇದ್ದೀರಿ?"

"ಮೂರು. ನಾನು, ಮೊಮ್ಮಗಳು, ನನ್ನ ಅಕ್ಕ."

"ಅಕ್ಕ ಎಲ್ಲಿ? ಹೊರಗೆ ಹೋಗಿದ್ದಾರಾ?"

"ನೀನು ಅವಳ ಮೇಲೇ ಕೂತಿದ್ದಿ."

ಜೂಲಿಯಾನಾ ಧಡಕ್ಕನೆ ಎದ್ದಳು. ಕಲೈಸೆಲ್ವಿಗೆ ನಾಚಿಕೆಯಾಯಿತು. "ಅಜ್ಜಿಗೆ ವಯಸ್ಸಾಯ್ತು ಅಕ್ಕ. ಎರಡು ಅಂತ ಬರ್ಕೊಳ್ಳಿ." ಜೂಲಿಯಾನಾ ಹಾಗೆಯೇ ಬರೆದುಕೊಂಡಳು.

ಮರುದಿನ, ಜನ ಕೆಲಸಕ್ಕೆ ಹೋಗುವ ಮೊದಲೇ ಸಿಗಲಿ ಎಂದು, ಅವಳು ಬೆಳಗ್ಗೆ ಬೇಗ ಬಂದಳು. ಬಾಗಿಲಲ್ಲಿ ನಿಂತಿದ್ದಂತೆಯೇ ಸದ್ದು ಕೇಳಿದಳು. ನನ್ನನ್ನು ಸರಿಸಿ ಕೆಳಗೆ ನೋಡಿದಳು, ಮುಚ್ಚಳ ತೆಗೆದು ನೋಡಿದಳು. ಸುಕ್ಕುಗಟ್ಟಿದ ಬೆಳ್ಳಿ ಕಾಗದ ಮಾತ್ರ ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಮತ್ತೆಂದೂ ಅವಳು ನನ್ನ ಮೇಲೆ ಕೂರಲಿಲ್ಲ.

ಹ್ಯಾಟನ್‌ನಲ್ಲಿ ಅವಳ ಹಾಗೆಯೇ ಅಧ್ಯಯನ ಮಾಡುವ ಗೆಳತಿಯೊಬ್ಬಳಿದ್ದಳು. ಅವಳ ಮೂಲಕ ವಿಚಾರಿಸಿದಾಗ ಸುದ್ದಿ ಬಂತು. ಪಳನಿಯಾಯಿ ಜ್ವರ ಬಂದು ಸತ್ತು ಎಷ್ಟೋ ಕಾಲವಾಗಿತ್ತು. ನನ್ನೊಳಗೆ ಸದ್ದು ಶುರುವಾದ ವರ್ಷವೇ ಅದು. ತೋಟದ ಸಾವಿನ ದಾಖಲೆಯಲ್ಲಿ, ಯಾವ ದೇಶ ಎಂಬಲ್ಲಿ ಬರೀ ಒಂದು ಗೀಟು ಎಳೆದಿದ್ದರು.

ಅಷ್ಟರಲ್ಲಿ ತೋಟದ ಆಡಳಿತದ ಹೊಸ ನಿಯಮ ಬಂದಿತ್ತು. ಮೂವರಿಗಿಂತ ಕಡಿಮೆ ಜನ ಇರುವವರು ಮನೆ ಬಿಡಬೇಕು. ಜೂಲಿಯಾನಾ ಎರಡು ಸುದ್ದಿಯನ್ನೂ ಹೇಳಲು ಬಂದಳು. ಅಕ್ಕನ ಸಾವಿನ ಸುದ್ದಿಯನ್ನು ಕೊನೆಗೆ ಹೇಳಿದಳು.

"ಗೊತ್ತು ಮಗಾ" ಎಂದಳು ರಾಕ್ಕಾಯಿ. "ಬದುಕಿದ್ದರೆ ಪೆಟ್ಟಿಗೆಯೊಳಗೆ ಯಾಕೆ ಬರ್ತಿದ್ದಳು? ಅಲ್ಲಿಯವರು ಅವಳನ್ನು ಬರೀಲಿಲ್ಲ, ಇಲ್ಲಿಯವರೂ ಬರೀಲಿಲ್ಲ. ನೀನಾದರೂ ಬರಿ."

ಜೂಲಿಯಾನಾ ಲೆಕ್ಕದ ಹಾಳೆ ತೆರೆದಳು. ಎರಡು ಎಂದಿದ್ದನ್ನು ಹೊಡೆದು ಮೂರು ಎಂದು ಬರೆದು, ಪಳನಿಯಾಯಿಯ ಹೆಸರು ಸೇರಿಸಿದಳು. ಮನೆ ಉಳಿಯಲಿ ಎಂದು ಬರೆದಳೋ, ಸತ್ತವಳಿಗಾಗಿ ಬರೆದಳೋ, ನನಗೆ ತಿಳಿಯದು.

ತಿಂಗಳು ಕಳೆದು, ಅದೇ ಲೆಕ್ಕ ಹಿಡಿದು ತಪಾಸಣೆಗೆ ದೇರಣ್ಣ ಎಂಬ ತೋಟದ ಅಧಿಕಾರಿ ಬಂದರು. ಸುಡುವ ಮಧ್ಯಾಹ್ನ. ಹೊಸ್ತಿಲಲ್ಲೇ ನಿಂತು ಹೆಸರು ಕೂಗಿದರು.

"ರಾಕ್ಕಾಯಿ!"

"ಇದ್ದೇನೆ ಸಾರ್."

"ಕಲೈಸೆಲ್ವಿ!"

"ಇದ್ದೇನೆ."

"ಪಳನಿಯಾಯಿ!"

ಕಲೈಸೆಲ್ವಿ ಸೆರಗಿನ ತುದಿ ಹಿಂಡುತ್ತಿದ್ದಳು.

"ಎಂತ, ಮೂರನೆಯವರು ಎಲ್ಲಿ? ಸುಳ್ಳು ಬರೆಸಿದರೆ ಮನೆ ಹೋಗ್ತದೆ, ಗೊತ್ತುಂಟಲ್ಲ?" ಎಂದು ಗದರಿ, ಅವರು ಇನ್ನೂ ಗಟ್ಟಿಯಾಗಿ ಕೂಗಿದರು. "ಪಳನಿಯಾಯಿ!"

ನನ್ನ ಒಳಗಿನಿಂದ ಏಟು ಬಿತ್ತು. ಅದು ಎಂದಿನ ಮೆಲುಸದ್ದಲ್ಲ; ಮುಚ್ಚಿದ ಬಾಗಿಲನ್ನು ಅಂಗೈಯಿಂದ ಬಡಿಯುವ ಹಾಗೆ, ಬಿಡುವಿಲ್ಲದೆ. ಮೊಳೆಗಳು ಸಡಿಲವಾದವು. ಚಹಾವನ್ನೇ ಕಾಣದ ನನ್ನಿಂದ ಹಸಿ ಚಹಾ ಎಲೆಯ ವಾಸನೆ ಎದ್ದು ಕೋಣೆ ತುಂಬಿತು.

ದೇರಣ್ಣ ಒಳಗೆ ಬಂದು ಮುಚ್ಚಳ ಎತ್ತಿದರು. ಸದ್ದು ನಿಂತಿತು. ಅವರು ಏನು ಕಂಡರೋ ಗೊತ್ತಿಲ್ಲ. ನನ್ನ ಒಳಗು ನನಗೆ ಕಾಣುವುದಿಲ್ಲ. ಮುಚ್ಚಳವನ್ನು ಮೆಲ್ಲಗೆ ಇಳಿಸಿ, ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತು ಎಂಬಂತೆ ತಮ್ಮ ಕಾಲು ನೋಡಿಕೊಂಡರು. "ಇದ್ದಾರೆ" ಎಂದು ಗುರುತು ಹಾಕಿ, ಹಿಂದೆ ತಿರುಗದೆ ಹೋದರು.

ಮನೆ ಉಳಿಯಿತು. ಮರುದಿನ ಬೆಳಗ್ಗೆ ಸದ್ದು ಬರಲಿಲ್ಲ. ಅದರ ಮರುದಿನವೂ ಇಲ್ಲ. ರಾಕ್ಕಾಯಿ ನನ್ನ ಮೇಲೆ ತಟ್ಟುವಳು, ಕಿವಿಯಿಟ್ಟು ಕಾಯುವಳು, ಮತ್ತೆ ತಟ್ಟುವಳು. ಸಿಹಿ ತೆಗೆದುಕೊಂಡು ಜೂಲಿಯಾನಾ ಬಂದಾಗ ಮುದುಕಿ ಅದನ್ನು ಮುಟ್ಟಲಿಲ್ಲ.

"ಹೆಸರು ಹಿಡಿದು ಕರೆದರು, ಓಗೊಟ್ಟಳು, ಹೋದಳು" ಎಂದಳು. "ಈ ಸಲ ನನ್ನನ್ನು ಬಿಟ್ಟು ಅವಳು ಹೋದಳು."

ರಾಕ್ಕಾಯಿ ಅದೇ ಮನೆಯಲ್ಲಿ ಕಣ್ಣು ಮುಚ್ಚಿದಳು. ನಾನೀಗ ಕಲೈಸೆಲ್ವಿಯ ಮಂಚದ ಕೆಳಗಿದ್ದೇನೆ. ಗೆದ್ದಲು ಒಂದು ಬದಿ ತಿಂದಿದೆ. ಅವಳು ನನ್ನನ್ನು ಒಲೆಗೆ ಹಾಕುವುದಿಲ್ಲ, ನನ್ನೊಳಗೆ ಏನನ್ನೂ ಇಡುವುದಿಲ್ಲ. ಈಗಲೂ ಯಾರಾದರೂ ಲೆಕ್ಕ ಬರೆಯಲು ಬರುತ್ತಾರೆ. ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಾರೆ. ಅವಳು ಉತ್ತರ ಹೇಳುವ ಮೊದಲು ಮಂಚದ ಕೆಳಗೊಮ್ಮೆ ಬಗ್ಗಿ ನೋಡುತ್ತಾಳೆ. ಒಳಗೆ ಯಾರೂ ಇಲ್ಲ ಎಂದು ಹೇಳಲು ನನಗೆ ಬಾಯಿಲ್ಲ.