ಕಾಲುವೆ ಬದಿಯ ಒರತೆ

ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ. ಬಂದರೂ ಎರಡನೇ ಕೊಡ ತುಂಬುವಷ್ಟರಲ್ಲಿ ನಿಂತುಹೋಗುತ್ತದೆ. ಅಂಥದ್ದರಲ್ಲಿ ಊರ ನಡುವೆ ಕಾಲುವೆ ಅಗೆಯುವಾಗ ಬದಿಯ ಮಣ್ಣಿನಿಂದ ತಣ್ಣನೆ ನೀರು ಜಿನುಗಿದರೆ ಯಾರು ತಾನೇ ಬಿಡುತ್ತಾರೆ?

ಆ ಒರತೆಯನ್ನು ಮೊದಲು ಕಂಡವರು ನಮ್ಮ ಮನೆಯವರು. ಅವರು ಅಗೆಯುವವರ ಮೇಸ್ತ್ರಿ, ನಾನು ಅಲ್ಲೇ ಮಣ್ಣು ಹೊರುವವಳು. ಒಂದು ತಗಡು ಸಿಕ್ಕಿಸಿ ಅವರೇ ಧಾರೆ ಮಾಡಿಕೊಟ್ಟರು. ಕೆಲಸದವರು ಕುಡಿದರು, ಬೀದಿಯವರು ಬಿಂದಿಗೆ ಹಿಡಿದು ಬಂದರು. "ಮೇಸ್ತ್ರಿ, ನಿನ್ನ ಹೊಟ್ಟೆ ತಣ್ಣಗಿರಲಪ್ಪ" ಎಂದು ಟೈಲರ್ ತಾತ ಹರಸಿದ. ಇವರು ಉಬ್ಬಿಹೋದರು.

ಹತ್ತು ದಿನಕ್ಕೆ ವಾಂತಿಭೇದಿ ಶುರುವಾಯಿತು. ಅಗೆಯುವವರಲ್ಲಿ ಇಬ್ಬರು ತೀರಿಕೊಂಡರು. ಆ ವಾರವೇ ಟೈಲರ್ ತಾತನೂ ಹೋದ.

ಊರ ಆಸ್ಪತ್ರೆಯ ನರ್ಸಕ್ಕ ಬಂದು, "ಆ ಒರತೆ ಮುಟ್ಟಬೇಡಿ. ಯಾವ ನೀರಾದ್ರೂ ಕುದಿಸಿ ಕುಡೀರಿ" ಎಂದರು.

"ಏನಕ್ಕ, ನೀರು ಕನ್ನಡಿ ಹಾಗಿದೆ. ಇದೆಲ್ಲ ಬಿಸಿಲಿಗೆ ಆಗಿರೋದು" ಎಂದರು ಇವರು.

"ಬೆಳ್ಳಗಿರೋದೆಲ್ಲ ಹಾಲಲ್ಲ, ಮೇಸ್ತ್ರಿ."

ಇವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ನಾನೂ ಹೂಂಗುಟ್ಟಿ ಅದೇ ನೀರು ಮನೆಗೆ ತಂದೆ, ನನ್ನ ಬುದ್ಧಿಗಿಷ್ಟು!

ಮೂರನೇ ದಿನ ನಮ್ಮ ಮಗಳು ವಾಂತಿಭೇದಿಯಾಗಿ ಮಲಗಿದಳು. ಮಧ್ಯಾಹ್ನದೊಳಗೆ ಕಣ್ಣು ಗುಳಿಬಿದ್ದವು. ಅತ್ತರೆ ಕಣ್ಣೀರೂ ಬರುತ್ತಿರಲಿಲ್ಲ. ನರ್ಸಕ್ಕ ಓಡಿ ಬಂದರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಪೂರ್ತಿ ಹಾಕಿ, ಚಮಚದಲ್ಲಿ ಕುಡಿಸುತ್ತಲೇ ಆಸ್ಪತ್ರೆಗೆ ಸೇರಿಸಿದರು. ಎರಡು ದಿನದ ಮೇಲೆ ಮಗಳು "ಅಮ್ಮಾ, ಹಸಿವು" ಎಂದಳು. ನಾನು ನರ್ಸಕ್ಕನ ಕೈ ಹಿಡಿದು ಗೊಳೋ ಎಂದು ಅತ್ತುಬಿಟ್ಟೆ.

"ಅಕ್ಕ, ನಿಮ್ಮ ಋಣ ತೀರಿಸಕ್ಕಾಗಲ್ಲ" ಎಂದರು ಇವರು. "ಆದ್ರೂ ಆ ನೀರು ಕೆಟ್ಟದ್ದು ಅಂತ ಮನಸ್ಸು ಒಪ್ತಾ ಇಲ್ಲ."

ನರ್ಸಕ್ಕ ಬೈಯಲಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಬಾಟಲಿ ತಂದು, ಒರತೆಯ ಮೇಲುಗಡೆ ಇರುವ ಬೀದಿಯ ಕಕ್ಕಸಿಗೆ ಸುರಿದರು. ಮೇಲೆ ನಾಲ್ಕು ಬಕೆಟ್ ನೀರು ಹೊಯ್ದರು. "ಬನ್ನಿ, ಒರತೆ ಹತ್ತಿರ ಕೂತ್ಕೊಳ್ಳೋಣ" ಎಂದರು.

ಒಂದು ಗಂಟೆಯಾಗಿರಬಹುದು. ತಗಡಿನಿಂದ ತೆಳು ನೀಲಿ ನೀರು ಬಿತ್ತು.

ಇವರು ಗುದ್ದಲಿ ಎತ್ತಿಕೊಂಡು ತಾವೇ ಕಾಲುವೆಯ ಬದಿ ಅಗೆದರು. ಒಳಗೊಂದು ಹಳೇ ಮಣ್ಣಿನ ಕೊಳವೆ ಒಡೆದು, ಕಕ್ಕಸಿನ ನೀರು ಒರತೆಗೆ ಸೇರುತ್ತಿತ್ತು. "ಇಡೀ ಬೀದಿಗೆ ನನ್ನ ಕೈಯಾರೆ ಕುಡಿಸಿದ್ನಲ್ಲೇ" ಎಂದರು. ಆಮೇಲೆ ಒರತೆ ಮುಚ್ಚಿ, ನೆಟ್ಟಗೆ ಟೈಲರ್ ತಾತನ ಮನೆಗೆ ಹೋದರು. ಬಾಗಿಲಲ್ಲೇ ನಿಂತು, "ತಪ್ಪಾಯ್ತು ತಾಯಿ" ಎಂದರು.

ತಾತನ ಸೊಸೆ ಹೊರಗೆ ಬಂದಳು. "ನಿಮಗೂ ಗೊತ್ತಿರ್ಲಿಲ್ಲ, ನಮಗೂ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ ಅಣ್ಣ, ಬಾಯಿ ಮುಚ್ಕೊಂಡು ಮಾತ್ರ ಇರಬೇಡಿ" ಎಂದಳು.

ಆ ತಾಯಿಯ ಮಾತು ನಡೆಸಲೆಂದೇ ಇದನ್ನು ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಊರಲ್ಲೂ ನೆಲ ಅಗೆಯುತ್ತಿದ್ದರೆ, ಅಲ್ಲಿ ಸಿಗುವ ನೀರು ಎಷ್ಟು ತಿಳಿಯಾಗಿದ್ದರೂ ಕುಡಿಯಬೇಡಿ. ಕುಡಿಯುವ ನೀರು ಕೊತಕೊತ ಕುದಿಯಲಿ. ಭೇದಿಯಾದರೆ ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಓಡಿ. ನರ್ಸಕ್ಕನ ಪುಣ್ಯ, ನಮ್ಮ ಮಗಳು ನಮಗೆ ಸಿಕ್ಕಿದಳು. ನಿಮ್ಮ ಮನೆಗೆ ಅಂಥವರು ಬಂದು ಒಂದು ಮಾತು ಹೇಳಿದರೆ, ನಮ್ಮ ಹಾಗೆ ಮೂರು ದಿನ ಕಾಯಬೇಡಿ.