ಎಕ್ಸ್ ಅಂದರೆ ವ್ಯಾಸ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಲೋಹ ಕಡೆಯುವ ಸಿಎನ್‌ಸಿ ಲೇತ್ ಯಂತ್ರ ನಡೆಸಿದವಳು. ಆ ಯುನಿಟ್ ಮುಚ್ಚಿದ ಮೇಲೆ ಜಾಲಹಳ್ಳಿ ಮೆಟ್ರೊ ಹತ್ತಿರದ ಒಂದು ಆಫೀಸಿಗೆ ಹೋದೆ. ಅಲ್ಲಿ ಶಾಲೆಯ ಗಣಿತ ಪುಸ್ತಕಗಳ ಪುಟಗಳನ್ನು ಲೇಟೆಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಸಿದ್ಧಪಡಿಸುತ್ತಾರೆ. "ಲೇತ್ ಹೋಯ್ತು, ಲೇಟೆಕ್ ಬಂತು," ಎಂದು ನನ್ನ ಗಂಡ ರಾಜೇಂದ್ರ ಆಡಿಕೊಂಡ. ಆಡಿಕೊಳ್ಳಲಿ. ಏಳು ದಿನದ ಟ್ರಯಲ್‌ನಲ್ಲಿ ಗೆದ್ದರೆ ಮಾತ್ರ ಕೆಲಸ. ಮೂವತ್ತೊಂಬತ್ತರ ಈ ಯಮುನಾಳಿಗೆ ಇನ್ನೊಂದು ಅವಕಾಶ ಯಾರು ಕೊಡುತ್ತಾರೆ?

ಕೊನೆಯ ದಿನ, ಶನಿವಾರ, ಅಲ್ಲಿನ ಮೇಲ್ವಿಚಾರಕಿ ಪ್ರಿಯಂವದಾ ಮೇಡಂ ಒಂದು ಗ್ರಾಫ್ ಮಾಡಲು ಕೊಟ್ಟರು. ನನಗಿಂತ ಹದಿನೈದು ವರ್ಷ ಚಿಕ್ಕವರು, ನಗು ಅವರ ಮುಖಕ್ಕೆ ದೂರದ ನೆಂಟ. ಅಡ್ಡ ಅಕ್ಷದಲ್ಲಿ, ಅಂದರೆ ಎಕ್ಸ್‌ನಲ್ಲಿ, ೨೦೧೫ರಿಂದ ೨೦೨೫ರವರೆಗಿನ ವರ್ಷಗಳು, ಉದ್ದ ಹತ್ತು ಸೆಂಟಿಮೀಟರ್. ಲಂಬ ಅಕ್ಷದಲ್ಲಿ ಮಾರ್ಕುಗಳು. ವರ್ಷದಿಂದ ೨೦೧೫ ಕಳೆದರೆ ಗುರುತು ಬೀಳಬೇಕಾದ ಜಾಗ ಸಿಗುತ್ತದೆ, ವರ್ಷಕ್ಕೊಂದು ಸೆಂಟಿಮೀಟರ್. ಸೊನ್ನೆ ಎಲ್ಲಿಂದ ಹಿಡಿಯಬೇಕೆಂದು ಲೇತ್ ನಡೆಸಿದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜಂಬದಿಂದಲೇ ಪ್ರಿಂಟ್ ಕೊಟ್ಟೆ.

ಅಕ್ಷ ಪುಟದಾಚೆ ಓಡಿಹೋಗಿತ್ತು. ೨೦೨೧ ಕಾಗದದ ಅಂಚಿಗೆ ಅಂಟಿತ್ತು, ಆಮೇಲಿನ ನಾಲ್ಕು ವರ್ಷ ಕಾಗದದಲ್ಲೇ ಇರಲಿಲ್ಲ.

"ಏನ್ರೀ ಇದು? ಮಾರ್ಕ್ಸ್ ಸರಿಯಾಗಿದೆ, ವರ್ಷ ಮಾತ್ರ ಹೇಗೆ ಡಬಲ್ ಆಯ್ತು?"

ಕೆಲಸ ಕೈತಪ್ಪಿತು ಅಂದುಕೊಂಡೆ. ಟೈಪ್ ಮಾಡುವಾಗ ತಪ್ಪಾಯಿತೆಂದು ಜಾರಿಕೊಳ್ಳಬಹುದಿತ್ತು. ಪರದೆಯ ಮೇಲೆ ನಾನು ಬರೆದ ಸಾಲುಗಳನ್ನು ಮತ್ತೆ ಓದಿದೆ. ೨೦೨೦ರ ಮುಂದೆ ಐದರ ಬದಲು ಹತ್ತು, ೨೦೨೫ರ ಮುಂದೆ ಹತ್ತರ ಬದಲು ಇಪ್ಪತ್ತು. ಪ್ರತಿ ಸಾಲೂ ಎರಡರಷ್ಟು. ಆಗ ಹೊಳೆಯಿತು. ಆ ಭಯದಲ್ಲೂ ಜೋರಾಗಿ ನಕ್ಕುಬಿಟ್ಟೆ.

"ಮೇಡಂ, ಲೇತಲ್ಲಿ ಎಕ್ಸ್ ಅಂದ್ರೆ ವ್ಯಾಸ. ತಿರುಗೋ ಪೀಸ್ ನಡುವಿಂದ ಕೊರೆಯೋ ಟೂಲ್ ಐದು ಮಿಲಿಮೀಟರ್ ದೂರ ನಿಲ್ಬೇಕು ಅಂದ್ರೆ ಎಕ್ಸ್ ಹತ್ತು ಅಂತ ಬರೀಬೇಕು. ಹನ್ನೊಂದು ವರ್ಷ ಹಂಗೇ ಬರ್ದಿದೀನಿ. ತಲೆ ಐದು ಅಂತು, ಕೈ ಹತ್ತು ಬರೀತು."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕಲಿತ ಗುಣವೂ ಹಾಗೆಯೇ. ಎಕ್ಸ್ ಸಂಖ್ಯೆಗಳನ್ನೆಲ್ಲ ಅರ್ಧ ಮಾಡಿ ಮತ್ತೆ ಪ್ರಿಂಟ್ ತೆಗೆದೆ. ಮೇಡಂ ಸ್ಕೇಲ್ ಇಟ್ಟು ಪ್ರತಿ ಗುರುತನ್ನೂ ಅಳೆದರು. ಎಲ್ಲವೂ ಸರಿಯಿತ್ತು.

"ದಿನಾ ಇಷ್ಟು ಲೆಕ್ಕ ತಲೇಲೇ ಹಾಕ್ತಿದ್ರಾ?"

"ಒಂದು ಕೂದಲೆಳೆ ತಪ್ಪಿದ್ರೂ ಪೀಸ್ ಗುಜರಿಗೆ ಹೋಗ್ತಿತ್ತು, ಮೇಡಂ."

ಅವರು ಬೀರುವಿನಿಂದ ಹಾಳೆಗಳ ದಪ್ಪ ಕಟ್ಟೊಂದನ್ನು ತಂದು ನನ್ನ ಮುಂದಿಟ್ಟರು. "ಪುಸ್ತಕದ ಎರಡನೇ ಭಾಗ. ನಲವತ್ತು ಗ್ರಾಫ್ ಇದೆ. ಸೋಮವಾರದಿಂದ ಶುರು ಮಾಡಿ."

"ನನ್ ಟ್ರಯಲ್ ಇವತ್ತಿಗೆ ಮುಗಿಯುತ್ತಲ್ಲ ಮೇಡಂ?"

"ಅದಕ್ಕೇ ಸೋಮವಾರ ಅಂದಿದ್ದು ಕಣ್ರೀ."

ಕಣ್ಣು ತುಂಬಿ ಬಂತು. ಸೋಮವಾರದವರೆಗೆ ಕಾಯುವವರು ಯಾರು? ಕಟ್ಟು ಬಿಚ್ಚಿ, ಆಗಲೇ ಮೊದಲ ಗ್ರಾಫ್ ಶುರು ಮಾಡಿಬಿಟ್ಟೆ.