ಹೂದಾನಿಯ ಕೆಳಗಿನ ಮೈಕ್ರೋಸ್ಕೋಪು

‘ಯಾರೋ ನೋಡಲು ಬರುತ್ತಾರಂತೆ’ ಎಂಬ ಮಾತು ಆ ಹೈಸ್ಕೂಲಿನ ಹೆಡ್ ಮೇಷ್ಟ್ರ ಕಿವಿಗೆ ಬಿದ್ದರೆ ಸಾಕು, ಮುಂದಿನದೆಲ್ಲ ತಾನಾಗಿಯೇ ನಡೆದುಬಿಡುತ್ತಿತ್ತು. ಮುರಿದ ಬೆಂಚುಗಳು ತಾರಸಿ ಹತ್ತುತ್ತಿದ್ದವು. ಒಡೆದ ಕಿಟಕಿಯ ಮೇಲೆ ಭೂಪಟ ಇಳಿಬೀಳುತ್ತಿತ್ತು. ಸೋರುವ ನಲ್ಲಿಯ ಕೆಳಗಿದ್ದ ಬಕೆಟ್ಟು ಮಾಯವಾಗಿ ಆ ಜಾಗದಲ್ಲಿ ಹೂಕುಂಡವೊಂದು ಏನೂ ಗೊತ್ತಿಲ್ಲದಂತೆ ಕೂತಿರುತ್ತಿತ್ತು. ಬರುವವರು ಯಾರು, ಏಕೆ ಬರುತ್ತಿದ್ದಾರೆ ಎಂದೆಲ್ಲ ಅವರು ವಿಚಾರಿಸುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಇನ್‌ಸ್ಪೆಕ್ಟರು ಕಾಲು ಮುರಿದ ಕುರ್ಚಿಯಲ್ಲಿ ಕೂತು, ಬಿದ್ದು, ಅದೇ ಸಿಟ್ಟಿನಲ್ಲಿ ಇವರ ಬಡ್ತಿಗೆ ಕಲ್ಲು ಹಾಕಿ ಹೋಗಿದ್ದ. ಅಂದಿನಿಂದ ಹೊರಗಿನವರನ್ನು ಕಂಡೊಡನೆ ಅವರ ಬಾಯಿಂದ ಹೊರಡುತ್ತಿದ್ದುದು ಒಂದೇ ಮಾತು: “ನಮ್ಮಲ್ಲಿ ಎಲ್ಲಾ ಇದೆ, ಯಾವ ಕೊರತೆನೂ ಇಲ್ಲ.”

ಇಷ್ಟೆಲ್ಲ ಗೊತ್ತಿದ್ದೂ ವಿಜ್ಞಾನದ ಮಿಸ್ ಗುರುವಾರದ ವಿಷಯವನ್ನು ಅವರಿಗೆ ಬಿಡಿಸಿ ಹೇಳಲಿಲ್ಲ. “ಟ್ರಸ್ಟಿನಿಂದ ಒಬ್ಬರು ಲ್ಯಾಬ್ ನೋಡೋಕೆ ಬರ್ತಾರೆ ಸರ್” ಎಂದಷ್ಟೇ ಹೇಳಿ ತರಗತಿಗೆ ಓಡಿದ್ದಳು.

ಲ್ಯಾಬಿನಲ್ಲಿ ನೋಡುವಂಥದ್ದು ಏನಿತ್ತು? ಇದ್ದದ್ದು ಒಂದೇ ಒಂದು ಮೈಕ್ರೋಸ್ಕೋಪು. ಯಾವ ಕಾಲದಲ್ಲೋ ಯಾರೋ ಅದನ್ನು ಕೆಳಗೆ ಬೀಳಿಸಿದ ಮೇಲೆ ಮೂಲೆಯ ಮೇಜಿಗೆ ಬೋಲ್ಟ್ ಹಾಕಿ ಬಿಗಿದುಬಿಟ್ಟಿದ್ದರು. ಕನ್ನಡಿ ಒಡೆದಿದ್ದರಿಂದ ಪೌಡರ್ ಡಬ್ಬಿಯ ಕನ್ನಡಿಯೊಂದನ್ನು ಅಂಟಿಸಿದ್ದರು. ತಿರುಪು ಸವೆದು ಕೊಳವೆ ತಾನಾಗಿಯೇ ಕೆಳಗೆ ಜಾರುತ್ತಿದ್ದುದರಿಂದ ಒಬ್ಬರು ತಿರುಪು ಹಿಡಿದುಕೊಂಡೇ ನಿಂತಿರಬೇಕು, ಇನ್ನೊಬ್ಬರು ನೋಡಬೇಕು. ಇಡೀ ತರಗತಿ ಒಂದೇ ಪೀರಿಯಡ್ಡಿನಲ್ಲಿ ನೋಡಿ ಮುಗಿಸಬೇಕಲ್ಲ, ಅದಕ್ಕೆ ಗಣಿತದ ಮೇಷ್ಟ್ರು ಲೆಕ್ಕ ಹಾಕಿ ಒಂದು ನಿಯಮ ಮಾಡಿಕೊಟ್ಟಿದ್ದರು: ಒಬ್ಬೊಬ್ಬರಿಗೂ ಹತ್ತು ಎಣಿಸುವಷ್ಟು ಹೊತ್ತು. ಸಾಲಿನಲ್ಲಿ ನಿಂತ ಮಕ್ಕಳೇ ಒಟ್ಟಿಗೆ ಎಣಿಸುತ್ತಿದ್ದರು. ‘ಹತ್ತು’ ಎಂದ ತಕ್ಷಣ, ಕಂಡಿರಲಿ ಬಿಟ್ಟಿರಲಿ, ಜಾಗ ಖಾಲಿ ಮಾಡಬೇಕು.

ಈ ಗಣಿತದ ಮೇಷ್ಟ್ರು ಬೇರೆ ಯಾರೂ ಅಲ್ಲ, ಮಿಸ್‌ಳ ಅಕ್ಕನ ಗಂಡ. ಶಾಲೆಯ ಒಳಗೆ ‘ಸರ್’, ಗೇಟು ದಾಟಿದರೆ ‘ಭಾವ’. ಎರಡು ಮನೆಗೂ ನಡುವೆ ಇದ್ದದ್ದು ಒಂದು ಗೋಡೆ. ರಾತ್ರಿಯ ಊಟ ಹೇಗೂ ಅಕ್ಕನ ಮನೆಯಲ್ಲೇ ಆದ್ದರಿಂದ ಆ ಗೋಡೆಯೂ ಲೆಕ್ಕಕ್ಕಿರಲಿಲ್ಲ.

ಟ್ರಸ್ಟಿನವರು ಬರುವುದಕ್ಕೆ ನಾಂದಿ ಹಾಡಿದವಳು ಕೊನೆಯ ಬೆಂಚಿನ ಒಬ್ಬ ಹುಡುಗಿ. ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಉದ್ದಜಡೆ ಎಂದು. ಒಂದು ದಿನ ಈರುಳ್ಳಿ ಸಿಪ್ಪೆ ನೋಡುವ ಪಾಠದಲ್ಲಿ ಅವಳ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. “ಮಿಸ್, ಪ್ರಯೋಗ ಅಂದ್ರೆ ಮುಂದಿನ ಬೆಂಚಿನವರು ನೋಡೋದಾ?” ಎಂದು ಕೇಳಿದಳು. ಕುಹಕವಾಡಿದ್ದರೆ ಗದರಿ ಸುಮ್ಮನಾಗಬಹುದಿತ್ತು. ಆದರೆ ಹುಡುಗಿ ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದಳು. ಆ ಮಾತು ಮಿಸ್‌ಳನ್ನು ಮನೆಯ ತನಕ ಚುಚ್ಚುತ್ತಲೇ ಬಂತು. ಮರುದಿನ ಅವಳು ಇಡೀ ತರಗತಿಯ ಮುಂದೆ ಮಾತು ಕೊಟ್ಟಳು: “ನೀವು ಈ ಶಾಲೆ ಬಿಟ್ಟು ಹೋಗೋದ್ರೊಳಗೆ ಪ್ರತಿಯೊಬ್ಬರೂ ನಿಮ್ಮ ಕಣ್ಣಿಂದಲೇ ನೋಡ್ತೀರಿ.”

ಮಾತು ಕೊಟ್ಟಾಯಿತು, ಮೈಕ್ರೋಸ್ಕೋಪು ಎಲ್ಲಿಂದ ಬರಬೇಕು? ವಿಜ್ಞಾನ, ಗಣಿತ ಎರಡೂ ಸೇರಿದ ಯೋಜನೆಗಳಿಗೆ ಹೈಸ್ಕೂಲುಗಳಿಗೆ ಹಣ ಕೊಡುವ ಟ್ರಸ್ಟೊಂದಿದೆ ಎಂದು ಹುಡುಕಿ ತೆಗೆದವರು ಭಾವ. ಇಬ್ಬರೂ ಅಕ್ಕನ ಊಟದ ಮೇಜಿನ ಮುಂದೆ ಕೂತು ಯೋಜನೆ ಮಾಡಿದರು. ಶಾಲೆಯ ಹಿಂದೆ ಒಂದು ಕೊಳವಿದೆ. ಅದರ ಒಂದು ಹನಿಯಲ್ಲಿ ಎಷ್ಟು ಜೀವಿಗಳಿವೆ ಎಂದು ಮಕ್ಕಳು ನೋಡಿ ಎಣಿಸಬೇಕು, ಹಾಗಾದರೆ ಇಡೀ ಕೊಳದಲ್ಲಿ ಎಷ್ಟಿರಬಹುದು ಎಂದು ಲೆಕ್ಕ ಹಾಕಬೇಕು. “ನೋಡ್ಸೋದು ನಿನ್ನ ಪಾಲು, ಗುಣಿಸೋದು ನನ್ನ ಪಾಲು” ಎಂದರು ಭಾವ. “ಪಾತ್ರೆ ತೊಳೆಯೋದು ಮಾತ್ರ ನನ್ನ ಪಾಲು” ಎಂದಳು ಅಕ್ಕ. ಅರ್ಜಿ ಹೋಯಿತು, ಟ್ರಸ್ಟಿನವರು ಬಂದು ನೋಡಿ ತೀರ್ಮಾನಿಸುತ್ತೇವೆ ಎಂದರು. ಈ ಸಲ ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಅಷ್ಟರಲ್ಲಿ ಉದ್ದಜಡೆಯ ತರಗತಿ ಶಾಲೆ ಬಿಟ್ಟು ಹೋಗಿರುತ್ತಿತ್ತು.

ಬುಧವಾರ ರಾತ್ರಿ ಊಟಕ್ಕೆ ಹೋದಾಗ ಅಕ್ಕನ ಮನೆಯಲ್ಲಿ ಒಂದು ಮಂಚದ ಮೇಲೂ ಹಾಸುಬಟ್ಟೆ ಇರಲಿಲ್ಲ.

“ಹೊದಿಕೆ, ಹಾಸಿಗೆ ಬಟ್ಟೆ ಎಲ್ಲ ಎಲ್ಲೋಯ್ತಕ್ಕಾ?”

“ಒಗೆಯೋಕೆ ಹಾಕಿದೀನಿ.”

“ಎಲ್ಲಾನೂ ಒಂದೇ ಸಲ?”

“ಎಲ್ಲಾನೂ ಒಂದೇ ಸಲ ಕೊಳೆ ಆದ್ರೆ ನಾನೇನ್ ಮಾಡ್ಲಿ?” ಎಂದ ಅಕ್ಕ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಭಾವ ನೆತ್ತಿಗೆ ಹತ್ತಿದವರಂತೆ ಕೆಮ್ಮಿ ನೀರು ಕುಡಿದರು. ಮಿಸ್‌ಳ ತಲೆಯ ತುಂಬ ನಾಳೆಯದೇ ಗುಂಗು, ಅವಳಿಗೆ ಏನೂ ಹೊಳೆಯಲಿಲ್ಲ.

ಗುರುವಾರ ಬೆಳಗ್ಗೆ ಹೆಡ್ ಮೇಷ್ಟ್ರು ಅವಳನ್ನು ಶಾಲೆಯೊಳಗೆ ಕಾಲಿಡಲೂ ಬಿಡಲಿಲ್ಲ. “ನೀವು ಸ್ಟೇಷನ್ನಿಗೆ ಹೋಗಿ ಅವರನ್ನ ಕರ್ಕೊಂಡು ಬನ್ನಿ, ಇಲ್ಲಿಯದು ನಾವು ನೋಡ್ಕೋತೀವಿ” ಎಂದು ಗೇಟಿನಿಂದಲೇ ಸಾಗಹಾಕಿದರು. ಟ್ರಸ್ಟಿನಿಂದ ಬಂದಿದ್ದವರು ಕತ್ತರಿಸಿದ ಬಿಳಿಗೂದಲಿನ, ಕ್ಯಾನ್‌ವಾಸ್ ಶೂ ಹಾಕಿದ್ದ ವಯಸ್ಸಾದ ಹೆಂಗಸು. ದಾರಿಯುದ್ದಕ್ಕೂ ಮಿಸ್ ತನ್ನ ಲ್ಯಾಬಿನ ದಾರಿದ್ರ್ಯವನ್ನು ಬಾಯ್ತುಂಬ ಹೊಗಳಿದಳು. ಬೋಲ್ಟು, ಪೌಡರ್ ಡಬ್ಬಿ, ಜಾರುವ ಕೊಳವೆ, ಒಂದನ್ನೂ ಬಿಡಲಿಲ್ಲ. ಹೆಂಗಸು ತಲೆಯಾಡಿಸುತ್ತ ಕೇಳುತ್ತಿದ್ದರು. ಕೆಲಸ ಆದಂತೆಯೇ ಎಂದುಕೊಂಡು ಮಿಸ್ ಲ್ಯಾಬಿನ ಬಾಗಿಲು ತಳ್ಳಿದಳು.

ಒಳಗೆ ಮೇಜುಗಳ ಮೇಲೆ ಸಾಲಾಗಿ ಮೈಕ್ರೋಸ್ಕೋಪುಗಳು ಫಳಫಳ ಹೊಳೆಯುತ್ತಿದ್ದವು. ಪಕ್ಕದಲ್ಲಿ ತಕ್ಕಡಿಗಳು, ಒಂದೂ ಬಾಯಿ ಒಡೆಯದ ಬೀಕರುಗಳು. ಮೂಲೆಯ ಮೇಜಿನ ಮೇಲೆ ಎತ್ತರದ್ದೇನೋ ಒಂದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ಅದರ ಮೇಲೆ ಹೂದಾನಿ ಇಟ್ಟಿತ್ತು. ಆ ಕಸೂತಿ ಅಕ್ಕನದು ಎಂದು ಗುರುತು ಹಿಡಿಯಲು ಮಿಸ್‌ಗೆ ಯಾವ ಮೈಕ್ರೋಸ್ಕೋಪೂ ಬೇಕಿರಲಿಲ್ಲ.

ಹೆಡ್ ಮೇಷ್ಟ್ರು ಎದೆಯುಬ್ಬಿಸಿ ಮುಂದೆ ಬಂದರು. “ಬನ್ನಿ ಮೇಡಂ, ಬನ್ನಿ. ನಮ್ಮಲ್ಲಿ ಎಲ್ಲಾ ಇದೆ, ಯಾವ ಕೊರತೆನೂ ಇಲ್ಲ!”

ಹೆಂಗಸು ಮೇಜುಗಳನ್ನೂ ಮಿಸ್‌ಳ ಮುಖವನ್ನೂ ನೋಡಿದರು. “ದಾರಿಯಲ್ಲಿ ನೀವು ಹೇಳ್ತಾ ಇದ್ದದ್ದು ಬೇರೆ ಯಾವುದಾದ್ರೂ ಶಾಲೆನಾ?”

ಮಿಸ್‌ಳ ಕೈ ಭಾವನ ತೋಳು ಹಿಡಿದು ಬೀರುವಿನ ಮರೆಗೆ ಎಳೆಯಿತು. ‘ಸರ್’ ಎನ್ನುವುದು ಮರೆತೇಹೋಗಿತ್ತು. “ಏನ್ ಭಾವಾ ಇದೆಲ್ಲ?”

“ಕಾಲೇಜಿನಿಂದ ತಂದ್ವಿ ಕಣೇ. ಅಲ್ಲಿ ನನ್ನ ಸ್ನೇಹಿತ ಇದಾನಲ್ಲ. ನಿನ್ನ ಅಕ್ಕನ ಹೊದಿಕೆಯಲ್ಲೇ ಸುತ್ತಿ ತಂದದ್ದು, ಒಂದಕ್ಕೂ ಗೀರು ಬಿದ್ದಿಲ್ಲ.”

“ಇಲ್ಲ ಅಂತ ಕೇಳ್ಕೊಂಡಿದೀವಿ ಭಾವಾ! ಎಲ್ಲಾ ಇರೋರಿಗೆ ಯಾರು ಕೊಡ್ತಾರೆ?”

ಭಾವನ ಮುಖದ ಕಳೆ ಇಳಿಯಿತು. “ಹೆಡ್ ಮೇಷ್ಟ್ರು ಇನ್‌ಸ್ಪೆಕ್ಷನ್ ಥರ ಸಿದ್ಧ ಮಾಡಿ ಅಂದ್ರು. ಒಳ್ಳೇ ಶಾಲೆ ಅಂತ ಕಂಡ್ರೆ ಇನ್ನೂ ಜಾಸ್ತಿ ಕೊಡಬಹುದು ಅಂದ್ಕೊಂಡೆ. ನಿನ್ನ ಮಾನ ಉಳೀಲಿ ಅಂತಾನೇ ಮಾಡಿದ್ದು.”

ಜೀವನವೆಲ್ಲ ಲೆಕ್ಕ ಹೇಳಿಕೊಟ್ಟ ಮನುಷ್ಯ ಕಳೆಯಬೇಕಾದ ಕಡೆ ಕೂಡಿಸಿಬಿಟ್ಟಿದ್ದರು. ಬಯ್ಯೋಣವೆಂದರೆ ಬಾಯಿ ಬರಲಿಲ್ಲ, ಅಷ್ಟು ಪ್ರೀತಿಯಿಂದ ಮಾಡಿದ್ದ ಎಡವಟ್ಟು ಅದು. ಇರುವುದನ್ನು ಇದ್ದ ಹಾಗೆ ಹೇಳಿದರೆ ಹೆಡ್ ಮೇಷ್ಟ್ರು ಪರರ ಮುಂದೆ ಸುಳ್ಳುಗಾರರಾಗುತ್ತಾರೆ, ಸುಳ್ಳು ಹೇಳುವ ಶಾಲೆಗೆ ಯಾರೂ ಬಿಡಿಗಾಸು ಕೊಡುವುದಿಲ್ಲ. ಹೇಳದಿದ್ದರೆ ಮಕ್ಕಳಿಗೆ ಕೊಟ್ಟ ಮಾತು ಮಣ್ಣುಪಾಲು. ಅವಳು ಒಂದು ತೀರ್ಮಾನಕ್ಕೆ ಬರುವ ಮೊದಲೇ ಗಂಟೆ ಹೊಡೆಯಿತು, ತರಗತಿಯ ಮಕ್ಕಳು ಬಾಗಿಲಿಗೆ ಬಂದರು.

“ಬರಲಿ, ಬರಲಿ. ಮಕ್ಕಳು ಕೆಲಸ ಮಾಡೋದನ್ನೇ ನೋಡಿಬಿಡ್ತೀನಿ” ಎಂದರು ಹೆಂಗಸು.

ಮಕ್ಕಳು ಒಳಗೆ ಬಂದು ಹೊಳೆಯುವ ಸಾಲನ್ನು ಕಂಡು ಒಂದು ಗಳಿಗೆ ನಿಂತರು. ಆಮೇಲೆ ಎಲ್ಲರ ಕೈಗಳೂ ತಾವಾಗಿಯೇ ಬೆನ್ನ ಹಿಂದಕ್ಕೆ ಹೋದವು. ಲ್ಯಾಬಿನಲ್ಲಿ ಏನನ್ನೂ ಮುಟ್ಟಬಾರದು, ಕೈ ಹಿಂದೆ ಕಟ್ಟಿಕೊಂಡು ನಡೆಯಬೇಕು ಎಂದು ಅವರಿಗೆ ಕಲಿಸಿದವಳು ಮಿಸ್ಸೇ. ಹಾಗೆಯೇ ಸದ್ದಿಲ್ಲದೆ ಮೈಕ್ರೋಸ್ಕೋಪುಗಳನ್ನೆಲ್ಲ ದಾಟಿಕೊಂಡು ಮೂಲೆಯ ಮೇಜಿಗೆ ಹೋದರು. ಒಬ್ಬಳು ಹೂದಾನಿಯನ್ನು ಎತ್ತಿ ಕಿಟಕಿಯಲ್ಲಿಟ್ಟಳು. ಇಬ್ಬರು ಕಸೂತಿಯ ಬಟ್ಟೆಯನ್ನು ಅಂಚು ಕೂಡಿಸಿ ಮಡಚಿದರು. ಒಬ್ಬ ಅದರಡಿಯಲ್ಲಿ ಬೋರಲು ಹಾಕಿದ್ದ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ. ಬೋಲ್ಟು ಹಾಕಿದ ಹಳೆಯ ಮೈಕ್ರೋಸ್ಕೋಪು ಬೆಳಕು ಕಂಡಿತು. ಯಾವತ್ತಿನ ಹುಡುಗಿ ಯಾವತ್ತಿನಂತೆ ತಿರುಪು ಹಿಡಿದು ನಿಂತಳು, ಇನ್ನೊಬ್ಬ ಕನ್ನಡಿ ಓರೆ ಮಾಡಿದ, ಉಳಿದವರು ಸಾಲು ಕಟ್ಟಿದರು.

“ಒಂದು, ಎರಡು, ಮೂರು...”

ಹೆಡ್ ಮೇಷ್ಟ್ರು ಮೇಲಿನ ಫ್ಯಾನನ್ನು ಜೀವಮಾನದಲ್ಲಿ ಇದೇ ಮೊದಲ ಸಲ ಕಂಡವರಂತೆ ನೋಡತೊಡಗಿದರು.

ಟ್ರಸ್ಟಿನ ಹೆಂಗಸು ಸಾಲಿನ ಕೊನೆಯಲ್ಲಿದ್ದ ಉದ್ದಜಡೆಯ ಹತ್ತಿರ ಹೋದರು. “ಅಲ್ಲಿ ಅಷ್ಟೊಂದು ಇವೆಯಲ್ಲಮ್ಮಾ, ಎಲ್ಲರೂ ಇಲ್ಲೇ ಯಾಕೆ ನಿಂತಿದೀರಿ?”

“ಅವು ಯಾರದ್ದೋ ಅನ್ಸುತ್ತೆ. ನಮ್ಮದು ಇದು” ಎಂದಳು ಉದ್ದಜಡೆ. “ನೀವೂ ನೋಡ್ತೀರಾ? ಬನ್ನಿ, ನನ್ನ ಮುಂದೆ ನಿಂತ್ಕೊಳ್ಳಿ.”

ಅವರು ನಿಂತರು. ಸಾಲು ನಿಧಾನಕ್ಕೆ ಸರಿಯಿತು, ಅವರ ಸರದಿ ಬಂತು. ಕನ್ನಡಕ ತೆಗೆಯುವುದರಲ್ಲಿ ಮೂರು ಎಣಿಕೆ ಹೋಯಿತು. ಬಗ್ಗಿ ಕಣ್ಣಿಡುವಷ್ಟರಲ್ಲಿ ಆರು. ಕೊಳವೆ ಜಾರಿತು, ತಿರುಪಿನ ಹುಡುಗಿ ಮೇಲಕ್ಕೆತ್ತಿದಳು, ಅಷ್ಟರಲ್ಲಿ ಇಡೀ ಸಾಲು “ಹತ್ತು!” ಎಂದಿತು.

“ಅಯ್ಯೋ, ನನ್ನ ಕಣ್ಣಿನ ರೆಪ್ಪೆ ಬಿಟ್ಟು ಏನೂ ಕಾಣಲಿಲ್ಲವಲ್ಲ!”

“ಪರವಾಗಿಲ್ಲ ಅಜ್ಜಿ” ಎಂದು ಉದ್ದಜಡೆ ಸಮಾಧಾನ ಮಾಡಿದಳು. “ನಂಗೂ ಯಾವಾಗಲೂ ರೆಪ್ಪೆನೇ ಕಾಣೋದು. ಚಿತ್ರ ಪುಸ್ತಕದಲ್ಲಿದೆ, ನೋಡ್ಕೊಂಡು ಬರೀಬಹುದು. ಮಿಸ್ ಪೂರ್ತಿ ಅಂಕ ಕೊಡ್ತಾರೆ.”

ಮಿಸ್‌ಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೌದು, ಕೊಟ್ಟಿದ್ದಳು. ರೆಪ್ಪೆಯನ್ನಷ್ಟೇ ಕಂಡ ಮಕ್ಕಳು ಪುಸ್ತಕ ನೋಡಿ ಬರೆದ ಅಚ್ಚುಕಟ್ಟಾದ ಚಿತ್ರಗಳಿಗೆ ಕೆಂಪು ಶಾಯಿಯಲ್ಲಿ ‘ಚೆನ್ನಾಗಿದೆ’ ಎಂದು ಬರೆದು ಪೂರ್ತಿ ಅಂಕ ಕೊಟ್ಟಿದ್ದಳು. ಹೆಡ್ ಮೇಷ್ಟ್ರು ಹೊದಿಸಿದ್ದು ಒಂದು ದಿನದ ಮೇಜುಬಟ್ಟೆ, ಅವಳದು ವರ್ಷಗಟ್ಟಲೆಯದು. ಹೇಳಿಬಿಡಬೇಕೆಂದು ಅವಳು ಬಾಯಿ ತೆರೆದಳು. ಆದರೆ ಮಾತು ಬಂದದ್ದು ಹಿಂದಿನಿಂದ.

“ನಮ್ಮಲ್ಲಿ ಎಲ್ಲಾ...” ಎಂದು ಹೆಡ್ ಮೇಷ್ಟ್ರು ರೂಢಿಯ ಬಲದಿಂದ ಶುರು ಮಾಡಿ, ನಡುವೆಯೇ ನಿಂತರು. ಹಣೆಯ ಬೆವರು ಒರೆಸಿಕೊಂಡರು. “ಇಲ್ಲ ಮೇಡಂ. ನಮ್ಮಲ್ಲಿ ಏನೂ ಇಲ್ಲ. ಇರೋದು ಇದೊಂದೇ. ಅವೆಲ್ಲ ಕಾಲೇಜಿನವು, ಸಾಯಂಕಾಲ ವಾಪಸ್ ಕೊಡಬೇಕು. ಈ ಮಿಸ್ ದಾರಿಯಲ್ಲಿ ನಿಮಗೆ ಹೇಳಿದ್ದೆಲ್ಲ ನಿಜ. ಮುಚ್ಚಿಟ್ಟೋನು ನಾನು.”

“ಹೊತ್ತು ತಂದೋನು ನಾನು” ಎಂದರು ಭಾವ.

ಟ್ರಸ್ಟಿನ ಹೆಂಗಸು ಇಬ್ಬರನ್ನೂ ನೋಡಿ, ಕಿಟಕಿಯ ಹೂದಾನಿಯನ್ನು ನೋಡಿ, ನಗಲು ಶುರು ಮಾಡಿದವರು ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. “ನಾನೂ ಮೇಷ್ಟ್ರಾಗಿದ್ದೋಳೇ ಕಣ್ರೀ. ಇನ್‌ಸ್ಪೆಕ್ಷನ್ ಬಂದಾಗೆಲ್ಲ ನಮ್ಮ ಮುರಿದ ಬೀರು ಹಿತ್ತಲಿನ ಗಿಡದ ಸಂದಿಯಲ್ಲಿರ್ತಿತ್ತು.” ಕಣ್ಣೊರೆಸಿಕೊಂಡು ಎದ್ದರು. “ನಿಮ್ಮ ಯೋಜನೆಗೆ ಹಣ ಕೊಡಿ ಅಂತ ನಾನು ಬರೀತೀನಿ. ನನ್ನ ಮಾತನ್ನ ಅವರು ತೆಗೆದುಹಾಕಲ್ಲ. ಈ ವರ್ಷವೇ ಬರುತ್ತೆ. ಒಂದೇ ಷರತ್ತು. ನಾನು ಇನ್ನೊಂದು ಸಲ ನೋಡೋಕೆ ಬರ್ತೀನಿ, ಆಗ ದಯವಿಟ್ಟು ಏನನ್ನೂ ಸಿದ್ಧ ಮಾಡಬೇಡಿ.”

ಹೆಡ್ ಮೇಷ್ಟ್ರು ತಲೆಯಾಡಿಸಿದರು. ಅದೇನು ಅವರಿಗೆ ಸುಲಭದ ಕೆಲಸವಾಗಿರಲಿಲ್ಲ.

ಮಿಸ್‌ಗೆ ಥ್ಯಾಂಕ್ಸ್ ಹೇಳಬೇಕೆನ್ನಿಸಿತು, ಅದರ ಬದಲು ಅವಳು ಭಾವನ ಕಡೆ ತಿರುಗಿದಳು. “ಸಾಯಂಕಾಲಕ್ಕೆ ಇನ್ನೂ ಹೊತ್ತಿದೆ ಅಲ್ವಾ?”

“ಬೇಕಾದಷ್ಟಿದೆ” ಎಂದರು ಭಾವ.

“ಮಕ್ಕಳೇ, ಕೈ ಮುಂದೆ ತಗೊಳ್ಳಿ. ಹೋಗಿ, ಒಂದೊಂದರ ಮುಂದೆ ಕೂತ್ಕೊಳ್ಳಿ. ಇವತ್ತು ಯಾರೂ ಹತ್ತು ಎಣಿಸಬೇಡಿ.”

ಮಕ್ಕಳು ಮೊದಲು ನಂಬಲಿಲ್ಲ. ಆಮೇಲೆ ಕುರ್ಚಿಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಭಾವ ಪಾಠಕ್ಕೆಂದು ತರಿಸಿಟ್ಟಿದ್ದ ಕೊಳದ ನೀರಿನ ಹನಿಗಳನ್ನು ಗಾಜಿನ ಮೇಲೆ ಹಾಕುತ್ತ ಬಂದರು. ಉದ್ದಜಡೆ ಜಡೆಯನ್ನು ಹಿಂದಕ್ಕೆಸೆದು ಬಗ್ಗಿದಳು. ರೆಪ್ಪೆ ಕಂಡಿತು, ಇನ್ನೂ ಸ್ವಲ್ಪ ಬಗ್ಗಿದಳು. ತಿರುಪನ್ನು ತಾನೇ ತಿರುಗಿಸಿದಳು, ಅದು ಜಾರಲಿಲ್ಲ. ಮಿಸ್ ಅವಳ ಬೆನ್ನ ಹಿಂದೆಯೇ ನಿಂತಿದ್ದಳು.

“ಮಿಸ್!” ಎಂದು ಹುಡುಗಿ ಕಣ್ಣು ತೆಗೆಯದೆಯೇ ಕೂಗಿದಳು. “ಇವು ಓಡಾಡ್ತಿವೆ! ಪುಸ್ತಕದಲ್ಲಿ ಸುಮ್ಮನೆ ನಿಂತಿದ್ವಲ್ಲ ಮಿಸ್!”

“ಎಷ್ಟಿವೆ, ಎಣಿಸು ಎಣಿಸು” ಎಂದು ಭಾವ ಸೀಮೆಸುಣ್ಣ ಹಿಡಿದು ಬೋರ್ಡಿನ ಬಳಿ ಸಿದ್ಧರಾದರು.

“ನಿಂತ್ರೆ ತಾನೇ ಸರ್ ಎಣಿಸೋದು?” ಎಂದಳು ಉದ್ದಜಡೆ. ಅವಳ ಹಿಂದೆ ಟ್ರಸ್ಟಿನ ಅಜ್ಜಿ ಕನ್ನಡಕ ಮೊದಲೇ ತೆಗೆದಿಟ್ಟುಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು.